ಅಮೆರಿಕದ ಫ್ರೆಟರ್ನಿಟಿ, ಸೊರೊರಿಟಿಗಳು: ಓದಿನ ಸಾಧನೆ ಮತ್ತು ಸ್ನಾತಕೋತ್ತರ ವಿದ್ಯಾರ್ಥಿವೇತನದ ಒಳನೋಟ

ಹಾಲಿವುಡ್ ಸಿನಿಮಾ ನೋಡಿದವರಿಗೆ ಅಮೆರಿಕದ ಕಾಲೇಜುಗಳ ‘ಫ್ರೆಟರ್ನಿಟಿ ಹೌಸ್’ ಪರಿಚಯ ಇರುತ್ತದೆ. ದೊಡ್ಡ ಮನೆ, ಅದರ ಗೋಡೆಯ ಮೇಲೆ ಎರಡು ಮೂರು ಗ್ರೀಕ್ ಅಕ್ಷರ, ಒಳಗೆ ಪಾರ್ಟಿ, ಕುಡಿತ, ಹೊಸದಾಗಿ ಸೇರಿದ ಹುಡುಗರಿಗೆ ಕಾಟ. ಈ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಇದೇ ಸಂಘಗಳು ಪ್ರತಿ ಸೆಮಿಸ್ಟರ್ ತಮ್ಮ ಸದಸ್ಯರ ಅಂಕಗಳ ಲೆಕ್ಕ ಇಡುತ್ತವೆ, ಅಂಕ ಕಮ್ಮಿಯಾದವರನ್ನು ಚಟುವಟಿಕೆಗಳಿಂದ ದೂರ ಇಡುತ್ತವೆ. ಎಂಎ, ಪಿಎಚ್‌ಡಿ, ಕಾನೂನು, ವೈದ್ಯಕೀಯ ಓದಲು ಹೊರಟವರಿಗೆ ಹಳೆ ಸದಸ್ಯರ ನಿಧಿಯಿಂದ ಹಣ ಕೊಡುತ್ತವೆ. ಈ ಮುಖ ಸಿನಿಮಾದಲ್ಲಿ ಬರುವುದಿಲ್ಲ.

ಮಂಗಳೂರು, ಉಳ್ಳಾಲ, ಮಂಜೇಶ್ವರ, ಕಾಸರಗೋಡಿನಿಂದ ಎಂಎಸ್, ಪಿಎಚ್‌ಡಿಗೆಂದು ಅಮೆರಿಕಕ್ಕೆ ಹೋಗುವ ಯುವಕ ಯುವತಿಯರಿಗೆ ಅಲ್ಲಿ ಈ ಗ್ರೀಕ್ ಹೆಸರುಗಳು ಎದುರಾಗುತ್ತವೆ. ಯಾವುದಕ್ಕೆ ಸೇರಬಹುದು, ಯಾವುದು ಬರೀ ಹಣ ಕೀಳುವ ದಂಧೆ, ಯಾವ ವಿದ್ಯಾರ್ಥಿವೇತನಕ್ಕೆ ಹೊರಗಿನವರೂ ಅರ್ಜಿ ಹಾಕಬಹುದು ಎಂಬುದು ಮೊದಲೇ ಗೊತ್ತಿದ್ದರೆ ಅನುಕೂಲ. ಅದರ ಜೊತೆಗೆ, ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಂದು ಸಮುದಾಯ ಸಂಘ ಕಟ್ಟಿಕೊಂಡು ತನ್ನ ಮಕ್ಕಳನ್ನು ಓದಿಸಿದ ಕತೆಯೂ ಇದರಲ್ಲಿದೆ.

ಏನಿದು ಫ್ರೆಟರ್ನಿಟಿ, ಸೊರೊರಿಟಿ?

ಲ್ಯಾಟಿನ್ ಭಾಷೆಯಲ್ಲಿ ‘ಫ್ರಾಟರ್’ ಎಂದರೆ ಸಹೋದರ, ‘ಸೊರೊರ್’ ಎಂದರೆ ಸಹೋದರಿ. ಹುಡುಗರ ಸಂಘ ಫ್ರೆಟರ್ನಿಟಿ, ಹುಡುಗಿಯರ ಸಂಘ ಸೊರೊರಿಟಿ. ಹೆಚ್ಚಿನವು ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡಿರುವುದರಿಂದ ಒಟ್ಟಾಗಿ ಇವನ್ನು ‘ಗ್ರೀಕ್ ಲೈಫ್’ ಅನ್ನುತ್ತಾರೆ. ಗ್ರೀಸ್ ದೇಶಕ್ಕೂ ಇದಕ್ಕೂ ಬೇರೆ ಸಂಬಂಧ ಇಲ್ಲ. ಒಂದೊಂದು ಕಾಲೇಜಿನಲ್ಲಿರುವ ಶಾಖೆಗೆ ‘ಚಾಪ್ಟರ್’ ಎಂದು ಹೆಸರು. ಕಾಲೇಜಿನಲ್ಲಿದ್ದಾಗ ಸೇರಿದವರು ಸಾಯುವ ತನಕ ಸದಸ್ಯರು. ಈ ಜೀವಮಾನದ ನಂಟೇ ವಿದ್ಯಾರ್ಥಿವೇತನ ನಿಧಿಗಳ ಬೇರು.

ಇವುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು, ಒಟ್ಟಿಗೆ ವಾಸ, ಗೆಳೆತನ, ಸೇವೆ ಎಂದು ಇರುವ ಸಾಮಾಜಿಕ ಸಂಘ. ಎರಡನೆಯದು, ಕಾನೂನು, ವೈದ್ಯಕೀಯ, ವಾಣಿಜ್ಯ ಮುಂತಾಗಿ ಒಂದು ವೃತ್ತಿಯ ವಿದ್ಯಾರ್ಥಿಗಳ ಸಂಘ. ಮೂರನೆಯದು, ಒಳ್ಳೆಯ ಅಂಕ ಪಡೆದವರನ್ನು ಮಾತ್ರ ಆಯ್ಕೆ ಮಾಡುವ ಗೌರವ ಸಂಘ, ಅಂದರೆ ‘ಆನರ್ ಸೊಸೈಟಿ’. ಹೆಸರು ಕೇಳಲು ಎಲ್ಲವೂ ಒಂದೇ ಥರ ಇರುವುದರಿಂದ ಹೊಸಬರಿಗೆ ಗೊಂದಲ ಆಗುತ್ತದೆ.

ಶುರುವಾದದ್ದು ಓದಿನಿಂದಲೇ

ಗ್ರೀಕ್ ಅಕ್ಷರದ ಮೊದಲ ವಿದ್ಯಾರ್ಥಿ ಸಂಘ ‘ಫೈ ಬೀಟಾ ಕಪ್ಪಾ’. ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನ ವಿದ್ಯಾರ್ಥಿಗಳು 1776ರ ಡಿಸೆಂಬರ್ 5ರಂದು ಇದನ್ನು ಕಟ್ಟಿದರು. ಅದೇ ವರ್ಷ ಜುಲೈಯಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಿಸಿತ್ತು. ಚರ್ಚೆ, ಪ್ರಬಂಧ, ವಿಚಾರ ವಿನಿಮಯ ಇದರ ಮುಖ್ಯ ಕೆಲಸವಾಗಿತ್ತು. ಮೊದಲಿಗೆ ಇದು ಗುಪ್ತ ಸಂಘ. 1830ರ ಸುಮಾರಿಗೆ ಗುಪ್ತ ಸಂಘಗಳ ವಿರುದ್ಧ ಅಮೆರಿಕದಲ್ಲಿ ಜನಾಭಿಪ್ರಾಯ ಜೋರಾದಾಗ ಗುಟ್ಟು ಬಿಟ್ಟು ಗೌರವ ಸಂಘವಾಗಿ ಬದಲಾಯಿತು. ಇಂದಿಗೂ ಕಲೆ ಮತ್ತು ವಿಜ್ಞಾನ ವಿಷಯಗಳಲ್ಲಿ ಪದವಿ ಓದುವವರಿಗೆ ಇದರ ಸದಸ್ಯತ್ವ ದೊಡ್ಡ ಮಾನ. 1875ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಶಾಖೆ ಮೊದಲ ಬಾರಿ ಮಹಿಳೆಯರನ್ನು ಸೇರಿಸಿಕೊಂಡಿತು. ಎರಡು ವರ್ಷದ ನಂತರ ಅದೇ ಶಾಖೆ ಒಬ್ಬ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಯನ್ನೂ ಆರಿಸಿತು.

ಇಂದು ಕಾಣುವ ಸಾಮಾಜಿಕ ಫ್ರೆಟರ್ನಿಟಿಗಳ ದಾರಿ ಬೇರೆ. ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ‘ಕಪ್ಪಾ ಆಲ್ಫಾ ಸೊಸೈಟಿ’, 1827ರಲ್ಲಿ ‘ಸಿಗ್ಮಾ ಫೈ’ ಮತ್ತು ‘ಡೆಲ್ಟಾ ಫೈ’ ಹುಟ್ಟಿದವು. ಆ ಮಾದರಿ ಇತರ ಕಾಲೇಜುಗಳಿಗೂ ಹಬ್ಬಿತು.

ಹೆಣ್ಣುಮಕ್ಕಳ ಸಂಘಗಳು ಹುಟ್ಟಿದ್ದು ಒಂಟಿತನದಿಂದ. ಇಂಡಿಯಾನಾದ ಆ್ಯಸ್ಬರಿ ಕಾಲೇಜು (ಈಗಿನ ಡಿಪಾವ್ ವಿಶ್ವವಿದ್ಯಾಲಯ) 1867ರಲ್ಲಿ ಹುಡುಗಿಯರಿಗೆ ಪ್ರವೇಶ ಕೊಟ್ಟಿತು. ತರಗತಿಯಲ್ಲಿ ಬೆರಳೆಣಿಕೆಯ ಹುಡುಗಿಯರು. ಅಲ್ಲಿ ಓದುತ್ತಿದ್ದ ಬೆಟ್ಟಿ ಲಾಕ್, ಗಣಿತದ ಪ್ರಾಧ್ಯಾಪಕರ ಮಗಳು. ಹುಡುಗರ ಸಂಘವೊಂದು ಆಕೆಗೆ ತನ್ನ ಬ್ಯಾಡ್ಜ್ ಧರಿಸಲು ಕೇಳಿತು, ಆದರೆ ಪೂರ್ಣ ಸದಸ್ಯತ್ವ ಕೊಡಲಿಲ್ಲ. ಆಕೆ ಒಪ್ಪದೆ, 1870ರ ಜನವರಿ 27ರಂದು ಮೂವರು ಗೆಳತಿಯರ ಜೊತೆ ‘ಕಪ್ಪಾ ಆಲ್ಫಾ ಥೀಟಾ’ ಕಟ್ಟಿದರು. ‘ಸೊರೊರಿಟಿ’ ಎಂಬ ಪದ ಬಂದದ್ದು ಇನ್ನೂ ತಡವಾಗಿ. 1882ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ ‘ಗಾಮಾ ಫೈ ಬೀಟಾ’ ಸಂಘಕ್ಕಾಗಿ ಆ ಪದ ಬಳಸಿದರು.

ಓದು ಬಿಟ್ಟು ಹೋದ ಆರು ಮಂದಿ

ಬಿಳಿಯರ ಸಂಘಗಳು ಹಲವು ದಶಕಗಳ ಕಾಲ ಬೇರೆ ಜನಾಂಗ, ಬೇರೆ ಧರ್ಮದವರನ್ನು ಒಳಗೆ ಬಿಡುತ್ತಿರಲಿಲ್ಲ. ಕೆಲವು ಸಂಘಗಳ ನಿಯಮಾವಳಿಯಲ್ಲೇ ಅದು ಬರೆದಿತ್ತು. ಹಾಗಾಗಿ ಹೊರಗೆ ಉಳಿದವರು ತಮ್ಮದೇ ಸಂಘ ಕಟ್ಟಿಕೊಂಡರು. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಯಹೂದಿ ವಿದ್ಯಾರ್ಥಿಗಳ ‘ಝೀಟಾ ಬೀಟಾ ಟಾವ್’ ಶುರುವಾಯಿತು. ಆದರೆ ಓದನ್ನೇ ಉಳಿವಿನ ಪ್ರಶ್ನೆಯಾಗಿ ತೆಗೆದುಕೊಂಡವರು ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳು.

ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1904-05ರಲ್ಲಿ ಓದಿದ್ದ ಆರು ಕಪ್ಪು ವರ್ಣೀಯ ವಿದ್ಯಾರ್ಥಿಗಳು ಮರು ವರ್ಷ ವಾಪಸ್ ಬರಲೇ ಇಲ್ಲ. ಪ್ರವೇಶ ಸಿಕ್ಕಿತ್ತು, ಆದರೆ ಜೊತೆಗೆ ಕೂತು ಓದುವವರಿಲ್ಲ, ಕ್ಯಾಂಪಸ್‌ನ ಸಾಮಾಜಿಕ ಬದುಕಿನಲ್ಲಿ ಜಾಗ ಇಲ್ಲ. ಉಳಿದವರು ಹೀಗೆಯೇ ಒಬ್ಬೊಬ್ಬರಾಗಿ ಹೋಗಬಾರದು ಎಂದು ಮೊದಲು ಒಂದು ಓದುವ ಗುಂಪು ಮಾಡಿಕೊಂಡರು. 1906ರ ಡಿಸೆಂಬರ್ 4ರಂದು ಅದೇ ಗುಂಪು ‘ಆಲ್ಫಾ ಫೈ ಆಲ್ಫಾ’ ಆಯಿತು. ಸ್ಥಾಪಕರು ಏಳು ಮಂದಿ.

1908ರಲ್ಲಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ‘ಆಲ್ಫಾ ಕಪ್ಪಾ ಆಲ್ಫಾ’ ಎಂಬ ಸೊರೊರಿಟಿ ಬಂತು. ನಂತರ 1911ರಲ್ಲಿ ಇಂಡಿಯಾನಾದಲ್ಲಿ ‘ಕಪ್ಪಾ ಆಲ್ಫಾ ಸೈ’, ಹೊವಾರ್ಡ್‌ನಲ್ಲಿ ‘ಒಮೇಗಾ ಸೈ ಫೈ’, 1913ರಲ್ಲಿ ‘ಡೆಲ್ಟಾ ಸಿಗ್ಮಾ ಥೀಟಾ’, 1914ರಲ್ಲಿ ‘ಫೈ ಬೀಟಾ ಸಿಗ್ಮಾ’, 1920ರಲ್ಲಿ ‘ಝೀಟಾ ಫೈ ಬೀಟಾ’, 1922ರಲ್ಲಿ ‘ಸಿಗ್ಮಾ ಗಾಮಾ ರೋ’, ತುಂಬಾ ತಡವಾಗಿ 1963ರಲ್ಲಿ ‘ಅಯೋಟಾ ಫೈ ಥೀಟಾ’. ಈ ಒಂಬತ್ತನ್ನು ಸೇರಿಸಿ ‘ಡಿವೈನ್ ನೈನ್’ ಅನ್ನುತ್ತಾರೆ. ಇವುಗಳ ಒಕ್ಕೂಟ ‘ನ್ಯಾಷನಲ್ ಪ್ಯಾನ್ ಹೆಲೆನಿಕ್ ಕೌನ್ಸಿಲ್’ 1930ರಲ್ಲಿ ಹುಟ್ಟಿತು.

ಆಲ್ಫಾ ಫೈ ಆಲ್ಫಾ 1920ರ ದಶಕದ ಆರಂಭದಲ್ಲೇ ‘ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ’ ಎಂಬ ಅಭಿಯಾನ ಶುರು ಮಾಡಿತು. ಕಾಲೇಜು ಸೇರಿದವರ ಸಂಘ, ಇನ್ನೂ ಕಾಲೇಜಿನ ಮುಖ ನೋಡದ ಮಕ್ಕಳ ಬಳಿ ಹೋಯಿತು. ಇಂದಿಗೂ ಈ ಒಂಬತ್ತು ಸಂಘಗಳ ಹಳೆ ಸದಸ್ಯರ ಶಾಖೆಗಳು ಊರೂರಲ್ಲಿವೆ, ಸ್ಥಳೀಯ ಹೈಸ್ಕೂಲ್ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತವೆ. ಪಡೆಯುವವರು ಸದಸ್ಯರೇ ಆಗಿರಬೇಕೆಂದಿಲ್ಲ.

ಸ್ನಾತಕೋತ್ತರ ಓದಿಗೂ ಈ ಸಂಘಗಳಿಗೂ ಇರುವ ನಂಟು ಕೆಲವು ಹೆಸರುಗಳಿಂದ ತಿಳಿಯುತ್ತದೆ. ಒಮೇಗಾ ಸೈ ಫೈ ಕಟ್ಟಲು ಮೂವರು ವಿದ್ಯಾರ್ಥಿಗಳ ಜೊತೆ ನಿಂತ ಅಧ್ಯಾಪಕ ಅರ್ನೆಸ್ಟ್ ಎವರೆಟ್ ಜಸ್ಟ್ ಜೀವವಿಜ್ಞಾನಿ. 1916ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಮಾರ್ಟಿನ್ ಲೂಥರ್ ಕಿಂಗ್ ಆಲ್ಫಾ ಫೈ ಆಲ್ಫಾ ಸೇರಿದ್ದು 1952ರಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಓದುತ್ತಿದ್ದಾಗ. 1954ರ ಬ್ರೌನ್ ಪ್ರಕರಣದಲ್ಲಿ ಶಾಲೆಗಳ ವರ್ಣಭೇದದ ವಿರುದ್ಧ ವಾದಿಸಿ ಗೆದ್ದು, 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್ ಕೂಡ ಅದೇ ಸಂಘದವರು. ಮಾಜಿ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಹೊವಾರ್ಡ್‌ನಲ್ಲಿ ಓದುವಾಗ ಆಲ್ಫಾ ಕಪ್ಪಾ ಆಲ್ಫಾ ಸೇರಿದ್ದರು.

ಸ್ಯಾಡಿ ಅಲೆಕ್ಸಾಂಡರ್: ಪದವಿ ಇದ್ದೂ ಕೆಲಸ ಸಿಗದಾಗ

ಈ ಇತಿಹಾಸದಲ್ಲಿ ಸ್ಯಾಡಿ ಟ್ಯಾನರ್ ಮೊಸೆಲ್ ಅಲೆಕ್ಸಾಂಡರ್ ಅವರದು ವಿಶೇಷ ಹೆಸರು. 1898ರಲ್ಲಿ ಹುಟ್ಟಿದ ಇವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ಅಲ್ಲಿ ಕಪ್ಪು ವರ್ಣೀಯ ಹುಡುಗಿಯರು ಬೆರಳೆಣಿಕೆಯಷ್ಟು. ಇದ್ದ ಕೆಲವರನ್ನು ಸೇರಿಸಿ 1918ರಲ್ಲಿ ಡೆಲ್ಟಾ ಸಿಗ್ಮಾ ಥೀಟಾದ ಶಾಖೆ ತೆರೆದರು. ಮರು ವರ್ಷ ಆ ಸೊರೊರಿಟಿಯ ಮೊದಲ ರಾಷ್ಟ್ರೀಯ ಅಧ್ಯಕ್ಷೆಯಾದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದು ಫೆಲೋಶಿಪ್ ಸಿಕ್ಕಿತು. 1921ರಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಎನಿಸಿಕೊಂಡರು.

ಆದರೆ ಡಾಕ್ಟರೇಟ್ ಕೈಯಲ್ಲಿದ್ದರೂ ಫಿಲಡೆಲ್ಫಿಯಾದಲ್ಲಿ ತಕ್ಕ ಕೆಲಸ ಸಿಗಲಿಲ್ಲ. ದೂರದ ನಾರ್ತ್ ಕರೊಲಿನಾಕ್ಕೆ ಹೋಗಿ, ಕಪ್ಪು ವರ್ಣೀಯರೇ ನಡೆಸುತ್ತಿದ್ದ ವಿಮಾ ಕಂಪೆನಿಯೊಂದರಲ್ಲಿ ಕೆಲಸ ಮಾಡಿದರು. ಮದುವೆಯಾದ ಮೇಲೆ ಮತ್ತೆ ಓದಲು ಕುಳಿತು, 1927ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದರು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ವರ್ಣೀಯ ಮಹಿಳೆಯೂ ಅವರೇ. 1946ರಲ್ಲಿ ಅಧ್ಯಕ್ಷ ಟ್ರೂಮನ್ ತಮ್ಮ ನಾಗರಿಕ ಹಕ್ಕುಗಳ ಸಮಿತಿಗೆ ಅವರನ್ನು ನೇಮಿಸಿದರು. ಓದಿಗೆ ಹಣ ಕೊಟ್ಟರೆ ಮುಗಿಯಲಿಲ್ಲ, ಓದಿದ ಮೇಲೆ ದಾರಿ ತೋರಿಸುವ ಹಿರಿಯರ ಬಳಗವೂ ಬೇಕು ಎಂಬುದಕ್ಕೆ ಅವರ ಬದುಕು ಉದಾಹರಣೆ. ಈ ಸಂಘಗಳ ಪದವೀಧರ ಶಾಖೆಗಳು ಮಾಡುವ ಮುಖ್ಯ ಕೆಲಸವೂ ಅದೇ.

ಅಂಕದ ಲೆಕ್ಕ ಹೇಗೆ ಇಡುತ್ತಾರೆ?

ಅಮೆರಿಕದ ಕಾಲೇಜುಗಳಲ್ಲಿ ಅಂಕವನ್ನು ‘ಜಿಪಿಎ’ಯಲ್ಲಿ ಹೇಳುತ್ತಾರೆ. ಗರಿಷ್ಠ 4.0. ಫ್ರೆಟರ್ನಿಟಿ, ಸೊರೊರಿಟಿ ಸೇರಲು ಮತ್ತು ಸದಸ್ಯತ್ವ ಉಳಿಸಿಕೊಳ್ಳಲು ಕನಿಷ್ಠ ಜಿಪಿಎ ಬೇಕು. ಸಾಮಾನ್ಯವಾಗಿ ಅದು 2.5ರ ಆಸುಪಾಸು, ಕೆಲವು ಸಂಘಗಳಲ್ಲಿ ಅದಕ್ಕಿಂತ ಮೇಲೆ. ಹಲವು ವಿಶ್ವವಿದ್ಯಾಲಯಗಳು ಪ್ರತಿ ಸೆಮಿಸ್ಟರ್ ಒಂದು ವರದಿ ಪ್ರಕಟಿಸುತ್ತವೆ. ಅದರಲ್ಲಿ ಒಂದೊಂದು ಶಾಖೆಯ ಸರಾಸರಿ, ಎಲ್ಲಾ ಫ್ರೆಟರ್ನಿಟಿಗಳ ಸರಾಸರಿ, ಎಲ್ಲಾ ಸೊರೊರಿಟಿಗಳ ಸರಾಸರಿ, ಅದರ ಪಕ್ಕದಲ್ಲೇ ಕಾಲೇಜಿನ ಎಲ್ಲಾ ಹುಡುಗರ, ಎಲ್ಲಾ ಹುಡುಗಿಯರ ಸರಾಸರಿ ಇರುತ್ತದೆ. ಯಾವ ಸಂಘ ಓದುತ್ತಿದೆ, ಯಾವುದು ಓದುತ್ತಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ.

ಶಾಖೆಯೊಳಗೆ ‘ಸ್ಕಾಲರ್‌ಶಿಪ್ ಚೇರ್’ ಎಂಬ ಹುದ್ದೆ ಇದೆ. ಸದಸ್ಯರ ಓದಿನ ಉಸ್ತುವಾರಿ ಇವರದು. ಹೊಸಬರು ವಾರಕ್ಕೆ ಇಂತಿಷ್ಟು ಗಂಟೆ ಲೈಬ್ರರಿಯಲ್ಲಿ ಕೂರಲೇಬೇಕು ಎಂಬ ನಿಯಮ ಹಲವು ಕಡೆ ಇದೆ. ಜಿಪಿಎ ಇಳಿದರೆ ಪಾರ್ಟಿ, ಆಟ, ಪದಾಧಿಕಾರ ಯಾವುದೂ ಇಲ್ಲ. ಹಿರಿಯರು ಕಿರಿಯರಿಗೆ ಪಾಠ ಹೇಳಿಕೊಡುತ್ತಾರೆ.

ಅಂಕ ಹೆಚ್ಚುತ್ತದೋ, ಇಳಿಯುತ್ತದೋ?

ಸೊರೊರಿಟಿಗಳ ಸರಾಸರಿ ಕಾಲೇಜಿನ ಒಟ್ಟು ಸರಾಸರಿಗಿಂತ ಮೇಲಿರುವುದು ಇಂತಹ ವರದಿಗಳಲ್ಲಿ ಸಾಮಾನ್ಯ. ಸಂಘಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ. ಸೇರುವಾಗಲೇ ಕನಿಷ್ಠ ಜಿಪಿಎ ಕೇಳಿದರೆ, ಅಂಕ ಕಮ್ಮಿ ಇರುವವರು ಒಳಗೆ ಬರುವುದೇ ಇಲ್ಲ. ಹಾಗಾದಾಗ ಸರಾಸರಿ ಹೆಚ್ಚೇ ಇರುತ್ತದೆ. ಅದು ಸಂಘ ಕಲಿಸಿದ್ದರ ಫಲವೋ, ಆರಿಸಿದ್ದರ ಫಲವೋ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಸಂಶೋಧಕರು ಸಂಘಗಳಿಗೆ ಹಿತವಾಗುವ ಮಾತು ಹೇಳಿಲ್ಲ. 1996ರಲ್ಲಿ ಅರ್ನೆಸ್ಟ್ ಪ್ಯಾಸ್ಕರೆಲಾ ಮತ್ತು ಸಂಗಡಿಗರು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಫ್ರೆಟರ್ನಿಟಿ ಸೇರಿದ ಬಿಳಿಯ ಹುಡುಗರ ಕಲಿಕೆ ಸೇರದವರಿಗಿಂತ ಹಿಂದೆ ಬಿದ್ದದ್ದು ಕಂಡಿತು. ಬೇರೆ ಜನಾಂಗದ ಹುಡುಗರಲ್ಲಿ ಮಾತ್ರ ಸಣ್ಣ ಮಟ್ಟದ ಲಾಭ ಕಂಡಿತು. ಅದೇ ತಂಡದ ಮುಂದಿನ ಅಧ್ಯಯನದಲ್ಲಿ, ನಂತರದ ವರ್ಷಗಳಲ್ಲಿ ಈ ಹಿನ್ನಡೆ ತಗ್ಗುವುದೂ ಕಂಡಿತು. ಅಂದರೆ ಅಪಾಯ ಇರುವುದು ಹೆಚ್ಚಾಗಿ ಮೊದಲ ವರ್ಷದಲ್ಲಿ.

ವಿಲಿಯಂ ಈವನ್ ಮತ್ತು ಆಸ್ಟಿನ್ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೂ ಜಾಣತನದ ದಾರಿ ಹಿಡಿದರು. ಸಂಘ ಸೇರಲು ಬೇಕಾದ ಜಿಪಿಎ ಗಡಿಯನ್ನು ಸ್ವಲ್ಪದರಲ್ಲಿ ದಾಟಿದವರನ್ನೂ, ಸ್ವಲ್ಪದರಲ್ಲಿ ತಪ್ಪಿಸಿಕೊಂಡವರನ್ನೂ ಹೋಲಿಸಿದರು. ಎರಡೂ ಗುಂಪಿನವರ ಬುದ್ಧಿಮಟ್ಟ ಹೆಚ್ಚುಕಮ್ಮಿ ಒಂದೇ. ಆದರೂ ಸಂಘ ಸೇರಿದವರ ಅಂಕ ಇಳಿದಿತ್ತು. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಈಶಾನ್ಯ ಅಮೆರಿಕದ ಒಂದು ಸಣ್ಣ ಕಾಲೇಜಿನದು. ಫ್ರೆಟರ್ನಿಟಿ ಸದಸ್ಯತ್ವದಿಂದ ಜಿಪಿಎ ಸುಮಾರು 0.25ರಷ್ಟು ಇಳಿಯುತ್ತದೆ, ಆದರೆ ಮುಂದೆ ಆದಾಯ ಸುಮಾರು ಶೇ. 36ರಷ್ಟು ಏರುತ್ತದೆ ಎಂದು ಅದು ಅಂದಾಜಿಸಿತು. ಅಂಕ ಇಳಿದರೂ ಹಣ ಏರುವುದು ಹೇಗೆ? ಪರಿಚಯದ ಬಲದಿಂದ. ಕೆಲಸ ಕೊಡುವ ಜಾಗದಲ್ಲಿ ಕೂತ ಹಿರಿಯ ಸದಸ್ಯರು ಕಿರಿಯರ ಕೈ ಹಿಡಿಯುತ್ತಾರೆ.

ಹಾಗಂತ ಪರಿಚಯದ ಬಲವನ್ನೇ ನಂಬಿ ಓದು ಬಿಟ್ಟರೆ ಸ್ನಾತಕೋತ್ತರದ ಬಾಗಿಲಲ್ಲಿ ಅದು ನಡೆಯುವುದಿಲ್ಲ. ಪಿಎಚ್‌ಡಿ, ಕಾನೂನು, ವೈದ್ಯಕೀಯ ಪ್ರವೇಶಕ್ಕೆ ಜಿಪಿಎ ನೋಡಿಯೇ ನೋಡುತ್ತಾರೆ. ಸಂಘಗಳು ತಮ್ಮದೇ ಸದಸ್ಯರಿಗೆ ಕೊಡುವ ಸ್ಕಾಲರ್‌ಶಿಪ್‌ಗೂ ಅಂಕಪಟ್ಟಿ ಮೊದಲು ಬೇಕು.

ಹಣ ಎಲ್ಲಿಂದ ಬರುತ್ತದೆ?

ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ಫ್ರೆಟರ್ನಿಟಿ ಒಂದು ಸಾಮಾಜಿಕ ಕ್ಲಬ್. ಅದಕ್ಕೆ ಹಣ ಕೊಟ್ಟರೆ ದಾನಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ಹೆಚ್ಚಿನ ದೊಡ್ಡ ಸಂಘಗಳು ಪಕ್ಕದಲ್ಲೇ ಇನ್ನೊಂದು ದತ್ತಿ ಸಂಸ್ಥೆ, ಅಂದರೆ ‘ಫೌಂಡೇಷನ್’ ನೋಂದಾಯಿಸಿವೆ. ಶಿಕ್ಷಣಕ್ಕೆಂದು ಅಲ್ಲಿಗೆ ಕೊಟ್ಟ ಹಣಕ್ಕೆ ವಿನಾಯಿತಿ ಉಂಟು. ಉದಾಹರಣೆಗೆ, ಆಲ್ಫಾ ಕಪ್ಪಾ ಆಲ್ಫಾ 1980ರಲ್ಲಿ ಇಂತಹ ಶೈಕ್ಷಣಿಕ ಫೌಂಡೇಷನ್ ಸ್ಥಾಪಿಸಿತು.

ಹಳೆ ಸದಸ್ಯರು ಕೊಟ್ಟ ದೊಡ್ಡ ಮೊತ್ತವನ್ನು ಮೂಲಧನವಾಗಿ ಇಟ್ಟು, ಅದರ ಗಳಿಕೆಯಿಂದ ವರ್ಷ ವರ್ಷ ಸ್ಕಾಲರ್‌ಶಿಪ್ ಕೊಡುತ್ತಾರೆ. ತಾಯಿಯ ನೆನಪಿಗೆ, ಗುರುವಿನ ನೆನಪಿಗೆ ಎಂದು ಒಂದೊಂದು ನಿಧಿಗೆ ಒಂದೊಂದು ಹೆಸರು. ಕೆಲವು ನಿಧಿ ವೈದ್ಯಕೀಯ ಓದುವವರಿಗೆ, ಕೆಲವು ಶಿಕ್ಷಕಿಯಾಗುವವರಿಗೆ, ಕೆಲವು ಹಣದ ಅಡಚಣೆ ಇರುವವರಿಗೆ ಮಾತ್ರ ಮೀಸಲು. ಮೂಲಧನ ಮುಟ್ಟದ ಕಾರಣ ನಿಧಿ ಬೇಗ ಬತ್ತುವುದಿಲ್ಲ. ಮುಸ್ಲಿಂ ಸಮಾಜಕ್ಕೆ ವಕ್ಫ್ ಪರಿಕಲ್ಪನೆ ಗೊತ್ತಿರುವುದರಿಂದ ಇದು ಅರ್ಥವಾಗುವುದು ಕಷ್ಟವಲ್ಲ.

ಅರ್ಜಿಯ ಜೊತೆ ಸಾಮಾನ್ಯವಾಗಿ ಕೇಳುವುದು ಇಷ್ಟು: ಅಂಕಪಟ್ಟಿ, ಸ್ನಾತಕೋತ್ತರ ಪ್ರವೇಶದ ದಾಖಲೆ, ಎರಡು ಮೂರು ಶಿಫಾರಸು ಪತ್ರ, ತನ್ನ ಗುರಿಯ ಬಗ್ಗೆ ಒಂದು ಪ್ರಬಂಧ, ಸೇವಾ ಕೆಲಸದ ವಿವರ. ಹಣದ ರೂಪದಲ್ಲಿ ಅಲ್ಲದ ನೆರವೂ ಇದೆ. ಕೆಲವು ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಶಾಖೆಯ ಮನೆಯಲ್ಲೇ ಇದ್ದು ಕಿರಿಯರ ಮೇಲ್ವಿಚಾರಣೆ ನೋಡಿಕೊಂಡರೆ ಊಟ, ವಸತಿ ಉಚಿತ.

ಗೌರವ ಸಂಘಗಳ ನೆರವು

ಸಾಮಾಜಿಕ ಸಂಘಗಳ ಸದಸ್ಯರಲ್ಲೇ ಚೆನ್ನಾಗಿ ಓದುವವರಿಗೆ ಬೇರೆ ಗೌರವ ಸಂಘಗಳಿವೆ. 1959ರಲ್ಲಿ ಮಯಾಮಿ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಆರ್ಡರ್ ಆಫ್ ಒಮೇಗಾ’ ನಾಯಕತ್ವ ಮತ್ತು ಓದು ಎರಡನ್ನೂ ನೋಡುತ್ತದೆ. 1989ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಗಾಮಾ ಸಿಗ್ಮಾ ಆಲ್ಫಾ’ 3.5 ಜಿಪಿಎಯನ್ನು ಅಳತೆಗೋಲು ಮಾಡಿಕೊಂಡಿದೆ. ಎರಡೂ ಸ್ನಾತಕೋತ್ತರ ಓದಿಗೆ ನೆರವು ಕೊಟ್ಟಿವೆ.

ಯಾವ ಸಾಮಾಜಿಕ ಸಂಘಕ್ಕೂ ಸೇರದವರಿಗೆ ಸಿಗಬಹುದಾದ ದೊಡ್ಡ ಹೆಸರು ‘ಫೈ ಕಪ್ಪಾ ಫೈ’. 1897ರಲ್ಲಿ ಮೇಯ್ನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಇದು ಎಲ್ಲಾ ವಿಷಯಗಳ ವಿದ್ಯಾರ್ಥಿಗಳನ್ನೂ ಪರಿಗಣಿಸುತ್ತದೆ. ಸ್ನಾತಕೋತ್ತರದ ಮೊದಲ ವರ್ಷಕ್ಕೆ ಸದಸ್ಯರಿಗೆ ಫೆಲೋಶಿಪ್ ಕೊಡುವುದನ್ನು 1932ರಿಂದ ನಡೆಸಿಕೊಂಡು ಬಂದಿದೆ.

ಭಾರತದ ವಿದ್ಯಾರ್ಥಿನಿಯರಿಗೂ ತೆರೆದಿರುವ ಬಾಗಿಲು

ಮೇಲಿನ ಹೆಚ್ಚಿನ ಸ್ಕಾಲರ್‌ಶಿಪ್‌ಗಳು ಸದಸ್ಯರಿಗೆ ಮಾತ್ರ. ಆದರೆ ಊರಿನ ಹೆಣ್ಣುಮಕ್ಕಳು ಗಮನಿಸಲೇಬೇಕಾದ ಒಂದಿದೆ: ‘ಪಿಇಒ ಇಂಟರ್‌ನ್ಯಾಷನಲ್ ಪೀಸ್ ಸ್ಕಾಲರ್‌ಶಿಪ್’.

ಪಿಇಒ ಹುಟ್ಟಿದ್ದು 1869ರ ಜನವರಿ 21ರಂದು, ಅಯೋವಾ ವೆಸ್ಲಿಯನ್ ಕಾಲೇಜಿನಲ್ಲಿ, ಏಳು ಮಂದಿ ಹುಡುಗಿಯರಿಂದ. ಆಗ ಅದು ಕಾಲೇಜು ಸೊರೊರಿಟಿ. ಮುಂದೆ ಕ್ಯಾಂಪಸ್ ಬಿಟ್ಟು ಊರಿನ ಮಹಿಳೆಯರ ಸಂಘವಾಗಿ ಬೆಳೆಯಿತು. 1907ರಲ್ಲಿ ಹುಡುಗಿಯರ ಓದಿಗೆ ಸಾಲ ನಿಧಿ ಶುರು ಮಾಡಿತು. 1927ರಲ್ಲಿ ಮಿಸೌರಿಯ ಕಾಟೀ ಮಹಿಳಾ ಕಾಲೇಜನ್ನು ವಹಿಸಿಕೊಂಡಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಬೇರೆ ದೇಶಗಳ ಮಹಿಳೆಯರಿಗೆಂದೇ ಈ ಸ್ಕಾಲರ್‌ಶಿಪ್ ಆರಂಭಿಸಿತು.

ಅಮೆರಿಕ ಅಥವಾ ಕೆನಡಾದ ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ಸ್ನಾತಕೋತ್ತರ ಓದುವ ಇತರ ದೇಶಗಳ ಮಹಿಳೆಯರಿಗೆ ಇದು ಮೀಸಲು. ಪಿಇಒ ಸದಸ್ಯೆ ಆಗಿರಬೇಕಿಲ್ಲ. ಹಣದ ಅಗತ್ಯವನ್ನು ನೋಡುತ್ತಾರೆ. ಓದಿನ ಪೂರ್ತಿ ಖರ್ಚು ಇದರಿಂದ ಆಗುವುದಿಲ್ಲ, ಉಳಿದ ಹಣಕ್ಕೆ ಬೇರೆ ಮೂಲ ಇದೆ ಎಂದು ತೋರಿಸಬೇಕು. ಮೊತ್ತ, ಕೊನೆಯ ದಿನಾಂಕ ಬದಲಾಗುತ್ತಿರುವುದರಿಂದ ಸಂಸ್ಥೆಯ ಅಧಿಕೃತ ಜಾಲತಾಣವನ್ನೇ ನೋಡುವುದು ಒಳ್ಳೆಯದು. ಓದು ಶುರುವಾಗುವ ಒಂದು ವರ್ಷ ಮೊದಲೇ ತಯಾರಿ ಬೇಕು.

ಇದರ ಮಹತ್ವ ಈಗ ಹೆಚ್ಚು. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಮತ್ತು ವಿದೇಶಿ ಓದಿನ ಸಾಲಕ್ಕೆ ಬಡ್ಡಿ ನೆರವು ಕೊಡುತ್ತಿದ್ದ ‘ಪಢೋ ಪರ್‌ದೇಶ್’ ಯೋಜನೆ ಎರಡನ್ನೂ ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ರಾಜ್ಯದ ಯೋಜನೆಗಳಿಗೆ ಆಯಾ ರಾಜ್ಯದ ವಾಸ ದಾಖಲೆ ಬೇಕು. ಮಂಜೇಶ್ವರದ ಹುಡುಗಿ ಕನ್ನಡದಲ್ಲೇ ಕಲಿತು ಮಂಗಳೂರಿನಲ್ಲೇ ಪದವಿ ಮುಗಿಸಿದರೂ ದಾಖಲೆಯಲ್ಲಿ ಕೇರಳದವಳು. ಇಂತಹ ಅಂತಾರಾಷ್ಟ್ರೀಯ ವಿದ್ಯಾರ್ಥಿವೇತನಕ್ಕೆ ತಲಪಾಡಿಯ ಆಚೆ, ಈಚೆ ಎಂಬ ಭೇದ ಇಲ್ಲ.

ದಕ್ಷಿಣ ಏಷ್ಯಾದವರ, ಮುಸ್ಲಿಮರ ಸಂಘಗಳು

ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ವಿದ್ಯಾರ್ಥಿಗಳೂ ತಮ್ಮ ಸಂಘ ಕಟ್ಟಿದ್ದಾರೆ. 1994ರಲ್ಲಿ ಬಿಂಗ್‌ಹ್ಯಾಂಟನ್‌ನಲ್ಲಿ ‘ಅಯೋಟಾ ನೂ ಡೆಲ್ಟಾ’, 1998ರಲ್ಲಿ ಹ್ಯೂಸ್ಟನ್‌ನಲ್ಲಿ ಹುಡುಗಿಯರ ‘ಡೆಲ್ಟಾ ಫೈ ಒಮೇಗಾ’ ಬಂದವು.

ಮುಸ್ಲಿಂ ಹುಡುಗಿಯರಿಗಾಗಿ 2005ರಲ್ಲಿ ವರ್ಜೀನಿಯಾದಲ್ಲಿ ‘ಗಾಮಾ ಗಾಮಾ ಕೈ’ ಎಂಬ ಸೊರೊರಿಟಿಯನ್ನು ತಾಯಿ ಮತ್ತು ಮಗಳು ಸೇರಿ ಆರಂಭಿಸಿದರು. 2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್‌ನಲ್ಲಿ ಹುಡುಗರ ‘ಆಲ್ಫಾ ಲಾಮ್ಡಾ ಮೂ’ ಹುಟ್ಟಿತು. ಗ್ರೀಕ್ ಅಕ್ಷರಗಳ ಹಿಂದೆ ಇರುವುದು ಅಲಿಫ್, ಲಾಮ್, ಮೀಮ್. ಕುರ್‌ಆನಿನ ಕೆಲವು ಅಧ್ಯಾಯಗಳು ಇದೇ ಅಕ್ಷರಗಳಿಂದ ಶುರುವಾಗುತ್ತವೆ. ಇಲ್ಲಿ ಮದ್ಯಕ್ಕೆ ಜಾಗ ಇಲ್ಲ.

ಸೇರುವ ಮೊದಲು ಗಮನಿಸಬೇಕಾದ್ದು

- ಹೊಸಬರಿಗೆ ಕೊಡುವ ಕಾಟಕ್ಕೆ ಅಲ್ಲಿ ‘ಹೇಝಿಂಗ್’ ಎಂದು ಹೆಸರು. ಇಲ್ಲಿನ ರ್‍ಯಾಗಿಂಗ್ ಇದ್ದ ಹಾಗೆ. ಬಲವಂತವಾಗಿ ಮದ್ಯ ಕುಡಿಸಿ ವಿದ್ಯಾರ್ಥಿಗಳು ಸತ್ತ ಪ್ರಕರಣಗಳಿವೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಜಾರಿಯಾದ ಫೆಡರಲ್ ಕಾನೂನಿನ ಪ್ರಕಾರ ಕಾಲೇಜುಗಳು ಹೇಝಿಂಗ್ ಪ್ರಕರಣಗಳನ್ನು ಬಹಿರಂಗ ಮಾಡಬೇಕು. ಸೇರುವ ಮೊದಲು ಆ ವರದಿ ನೋಡಬಹುದು.
- ಆ ಶಾಖೆಯ ಸರಾಸರಿ ಜಿಪಿಎ ಎಷ್ಟು ಎಂದು ಕಾಲೇಜಿನ ವರದಿಯಲ್ಲಿ ನೋಡಬೇಕು. ಒಂದೇ ಸಂಘದ ಎರಡು ಶಾಖೆಗಳ ನಡುವೆಯೂ ಅಜಗಜಾಂತರ ಇರಬಹುದು.
- ಸದಸ್ಯತ್ವಕ್ಕೆ ಪ್ರತಿ ಸೆಮಿಸ್ಟರ್ ಶುಲ್ಕ ಉಂಟು. ಸಂಘದ ಮನೆಯಲ್ಲಿ ವಾಸ ಮಾಡಿದರೆ ಸಾವಿರಾರು ಡಾಲರ್ ಆಗುತ್ತದೆ. ಸಾಲ ಮಾಡಿ ಹೋದವರು ಇದನ್ನು ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು.
- ‘ನೀವು ಗೌರವ ಸಂಘಕ್ಕೆ ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ’ ಎಂಬ ಇಮೇಲ್ ಬಂದರೆ ತಕ್ಷಣ ನಂಬಬಾರದು. ಕ್ಯಾಂಪಸ್‌ನಲ್ಲಿ ಅದರ ಶಾಖೆ ಇದೆಯೇ, ಪ್ರಾಧ್ಯಾಪಕರು ಅದರಲ್ಲಿದ್ದಾರೆಯೇ ಎಂದು ವಿಭಾಗದಲ್ಲಿ ಕೇಳಬೇಕು. 1925ರಲ್ಲಿ ಹುಟ್ಟಿದ ಗೌರವ ಸಂಘಗಳ ಒಕ್ಕೂಟದ ಪಟ್ಟಿಯಲ್ಲೂ ಹುಡುಕಬಹುದು.
- ಎಂಎಸ್ ವಿದ್ಯಾರ್ಥಿಗಳು ಗಮನಿಸಬೇಕು: ಸಾಮಾಜಿಕ ಫ್ರೆಟರ್ನಿಟಿಗಳು ಮುಖ್ಯವಾಗಿ ಪದವಿ ವಿದ್ಯಾರ್ಥಿಗಳವು. ಸ್ನಾತಕೋತ್ತರದವರಿಗೆ ಗೌರವ ಸಂಘ ಮತ್ತು ವೃತ್ತಿ ಸಂಘಗಳೇ ಹೆಚ್ಚು ಉಪಯೋಗ.

ನಿಯಮ ಮತ್ತು ನಿಧಿ

ಸುಮಾರು 250 ವರ್ಷಗಳ ಈ ಇತಿಹಾಸದಲ್ಲಿ ಒಂದು ವಿಷಯ ಸ್ಪಷ್ಟ. ಸಂಘದ ಹೆಸರಿನಿಂದ ಯಾರಿಗೂ ಅಂಕ ಬಂದಿಲ್ಲ. ಗೆಳೆಯರ ಬಳಗ ಓದನ್ನು ಕೆಡಿಸಲೂಬಹುದು ಎಂದು ಅಧ್ಯಯನಗಳು ಹೇಳುತ್ತವೆ. ಓದು ಕೈಹಿಡಿದದ್ದು ಎರಡು ಇದ್ದಲ್ಲಿ: ಎಲ್ಲರೂ ಪಾಲಿಸುವ ಓದಿನ ನಿಯಮ, ಹಿರಿಯರು ಕಿರಿಯರಿಗಾಗಿ ಬಿಟ್ಟುಹೋದ ನಿಧಿ.

ಬ್ಯಾರಿ ಸಮುದಾಯದಲ್ಲಿ ಸಂಘಗಳಿಗೆ ಕೊರತೆ ಇಲ್ಲ. ಜಮಾಅತ್, ಯುವಕರ ಅಸೋಸಿಯೇಷನ್, ಗಲ್ಫ್‌ನ ಅನಿವಾಸಿ ಒಕ್ಕೂಟ, ಹಳೆ ವಿದ್ಯಾರ್ಥಿ ಸಂಘ ಎಲ್ಲವೂ ಇವೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಳ್ಳೆ ಅಂಕ ಪಡೆದ ಮಕ್ಕಳಿಗೆ ಶಾಲು, ಸ್ಮರಣಿಕೆ ಕೊಡುವ ಸಮಾರಂಭವೂ ಪ್ರತಿ ವರ್ಷ ನಡೆಯುತ್ತದೆ. ಆದರೆ ಸನ್ಮಾನ ಪಡೆದ ಮಗು ಐದು ವರ್ಷದ ನಂತರ ಎಂಎಸ್ಸಿಯಲ್ಲಿದೆಯೋ, ಓದು ಬಿಟ್ಟಿದೆಯೋ ಎಂದು ಲೆಕ್ಕ ಇಡುವವರು ಬೇಕು. ಕಾರ್ನೆಲ್‌ನಲ್ಲಿ ಆರು ಜಾಗ ಖಾಲಿಯಾದಾಗ ಉಳಿದವರು ಅದನ್ನು ಎಣಿಸಿದರು. ಆಲ್ಫಾ ಫೈ ಆಲ್ಫಾ ಹುಟ್ಟಿದ್ದು ಆ ಎಣಿಕೆಯಿಂದ.